ಕಂಪೈಲರ್ ಎಂಬ ಅನುವಾದಕ ಮತ್ತು ನಿಯತ್ತಿನ ಪ್ರಶ್ನೆ

ಎರಡೂ ಭಾಷೆ ಬಲ್ಲವನಿಗೆ ಅನುವಾದಕನ ಅಗತ್ಯವಿಲ್ಲ. ಒಂದು ಭಾಷೆ ಗೊತ್ತಿಲ್ಲದವನಿಗೆ ಮಾತ್ರ ಅವನು ಬೇಕು. ಅಂದರೆ ನಮ್ಮನ್ನು ಬಹಳ ಸುಲಭವಾಗಿ ಮೋಸಗೊಳಿಸಬಲ್ಲವನನ್ನೇ ನಾವು ನಂಬಬೇಕಾಗುತ್ತದೆ. ಉರ್ದುವಿನಲ್ಲಿ ಇಂತಹ ನಂಬಿಕೆಯ ವಸ್ತುವನ್ನು ಅಮಾನತ್ ಎನ್ನುತ್ತಾರೆ. ಒಬ್ಬರು ನಂಬಿ ಒಪ್ಪಿಸಿದ್ದನ್ನು ಕೆಡಿಸದೆ ಕಾಪಾಡಿ ಮುಟ್ಟಿಸುವ ಹೊಣೆ ಅದು. ಅನುವಾದಕನ ಕೈಯಲ್ಲಿರುವ ಅಮಾನತ್ ಇನ್ನೊಬ್ಬರ ಮಾತು.

ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡುತ್ತಿರುವ ಅನುವಾದಕನ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಾರರು. ಅದು ಕಂಪೈಲರ್. ಅದೂ ಒಂದು ಪ್ರೋಗ್ರಾಂ. ಮನುಷ್ಯ ತನಗೆ ಅರ್ಥವಾಗುವ ಸಿ, ಜಾವಾ ಮೊದಲಾದ ಭಾಷೆಗಳಲ್ಲಿ ಬರೆದ ಆಜ್ಞೆಗಳನ್ನು ಅದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಸಂಕೇತಗಳಿಗೆ ಬದಲಿಸುತ್ತದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಉಪಕರಣ, ವಿಮಾನದ ನಿಯಂತ್ರಣ, ನಮ್ಮ ಜೇಬಿನ ಮೊಬೈಲ್ ಎಲ್ಲವೂ ಈ ಅನುವಾದದ ಮೇಲೆ ನಿಂತಿವೆ. ಬೆಂಗಳೂರಿನ ಕಂಪೆನಿಗಳಲ್ಲಿ ಕೂತು ಪ್ರೋಗ್ರಾಂ ಬರೆಯುವ ನಮ್ಮ ಹುಡುಗ ಹುಡುಗಿಯರು ದಿನಕ್ಕೆ ಹತ್ತಾರು ಬಾರಿ ತಮ್ಮ ಬರಹವನ್ನು ಇದಕ್ಕೆ ಒಪ್ಪಿಸುತ್ತಾರೆ. ಅನುವಾದವಾಗಿ ಬಂದುದನ್ನು ಅವರಲ್ಲಿ ಹೆಚ್ಚಿನವರು ಓದುವುದಿಲ್ಲ, ಓದಬೇಕೆಂದರೂ ಅದಕ್ಕೆ ಬೇರೆಯೇ ಪರಿಣತಿ ಬೇಕು.

ಈ ಅನುವಾದಕ ತಪ್ಪಿದರೆ ಹೊಣೆ ಯಾರದು? ಮೇಲ್ನೋಟಕ್ಕೆ ಇದು ಇಂಜಿನಿಯರ್‌ಗಳಿಗೆ ಬಿಡಬೇಕಾದ ಪ್ರಶ್ನೆ ಎನಿಸಬಹುದು. ಆದರೆ ಒಳಹೊಕ್ಕು ನೋಡಿದರೆ ನಂಬಿಕೆ, ನ್ಯಾಯ ಮತ್ತು ಮಾತಿನ ಅರ್ಥದ ಬಗ್ಗೆ ಮನುಷ್ಯ ಬಹಳ ಕಾಲದಿಂದ ಕೇಳಿಕೊಂಡು ಬಂದ ಪ್ರಶ್ನೆಗಳೇ ಇಲ್ಲಿಯೂ ಎದುರಾಗುತ್ತವೆ.

ಮೊದಲು ಈ ಅನುವಾದಕನ ಸ್ವಭಾವವನ್ನು ಸ್ವಲ್ಪ ತಿಳಿಯೋಣ. ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ 1952ರಲ್ಲಿ ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲಿ ಒಂದನ್ನು ಇಟ್ಟರು. 1957ರಲ್ಲಿ ಐಬಿಎಂ ಕಂಪೆನಿಯ ಜಾನ್ ಬ್ಯಾಕಸ್ ಮತ್ತು ಅವರ ತಂಡ ಫೋರ್ಟ್ರಾನ್ ಭಾಷೆಯ ಕಂಪೈಲರನ್ನು ಹೊರತಂದಿತು. ಆಗಿನ ಪರಿಣತರು ಯಂತ್ರದ ಸಂಕೇತಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಯಂತ್ರ ಮಾಡುವ ಅನುವಾದ ನಮ್ಮ ಕೈಬರಹದಷ್ಟು ಚುರುಕಾಗಿ ಓಡಲಾರದು ಎಂಬುದು ಅವರ ಸಂಶಯ. ಆ ಸಂಶಯವನ್ನು ಗೆಲ್ಲಲು ಬ್ಯಾಕಸ್ ತಂಡ ಕಂಪೈಲರಿಗೆ ಎರಡನೆಯ ಕೆಲಸವನ್ನೂ ಕಲಿಸಿತು. ಅನುವಾದಿಸುವುದರ ಜೊತೆಗೆ ಬರಹವನ್ನು ತಿದ್ದಿ ವೇಗಗೊಳಿಸಬೇಕು. ಇದಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು.

ಈ ತಿದ್ದುಪಡಿ ಹೇಗಿರುತ್ತದೆ? ದಿನಕ್ಕೆ ಎಷ್ಟು ಸೆಕೆಂಡ್ ಎಂದು ತಿಳಿಯಲು ಪ್ರೋಗ್ರಾಮರ್ 24, 60, 60 ಎಂಬ ಮೂರು ಸಂಖ್ಯೆಗಳನ್ನು ಗುಣಿಸಲು ಬರೆದಿದ್ದರೆ, ಕಂಪೈಲರ್ ಆ ಲೆಕ್ಕವನ್ನು ತಾನೇ ಮೊದಲೇ ಮಾಡಿ 86,400 ಎಂದು ಬರೆದುಬಿಡುತ್ತದೆ. ಸಾವಿರ ಸಲ ತಿರುಗುವ ಸುತ್ತಿನೊಳಗೆ ಪ್ರತಿ ಸಲವೂ ಒಂದೇ ಉತ್ತರ ಬರುವ ಲೆಕ್ಕವಿದ್ದರೆ ಅದನ್ನು ಸುತ್ತಿನ ಹೊರಗೆ ತಂದು ಒಂದೇ ಸಲ ಮಾಡಿಸುತ್ತದೆ. ಯಾರೂ ಬಳಸದ ಉತ್ತರವನ್ನು ಹುಡುಕುವ ಸಾಲನ್ನು ಕಿತ್ತುಹಾಕುತ್ತದೆ. ಇದಕ್ಕೆಲ್ಲ ಒಂದೇ ಷರತ್ತು. ಒಳಗೆ ಏನೇ ಬದಲಿಸಿದರೂ ಹೊರಗೆ ಕಾಣುವ ಫಲಿತಾಂಶ ಬದಲಾಗಬಾರದು.

ಷರತ್ತು ಸರಿಯಾಗಿದೆ. ಅದನ್ನು ಪಾಲಿಸುವುದು ಕಷ್ಟ. ಬದಲಾಗದು ಎಂದು ಕಂಪೈಲರ್ ತರ್ಕಿಸಿದ್ದು ಬದಲಾದಾಗ ತಪ್ಪು ಕೋಡ್ ಹುಟ್ಟುತ್ತದೆ. ಮೂಲ ಬರಹದಲ್ಲಿ ದೋಷವಿರುವುದಿಲ್ಲ. ಅದನ್ನು ಸಾವಿರ ಸಲ ಓದಿದರೂ ತಪ್ಪು ಸಿಗದು, ಏಕೆಂದರೆ ತಪ್ಪು ಅಲ್ಲಿಲ್ಲ.

2011ರ ಜುಲೈ 28ರಂದು ಓರಕಲ್ ಕಂಪೆನಿ ಜಾವಾ ಭಾಷೆಯ 7ನೇ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದೇ ದಿನ ಅಪಾಚೆ ಲೂಸಿನ್ ಎಂಬ ಹುಡುಕಾಟದ ಸಾಫ್ಟ್‌ವೇರ್ ತಯಾರಿಸುವವರು, ಈ ಹೊಸ ಆವೃತ್ತಿಯನ್ನು ಬಳಸಬೇಡಿ ಎಂದು ಎಚ್ಚರಿಕೆ ಹೊರಡಿಸಿದರು. ಜಾವಾದಲ್ಲಿ ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಅನುವಾದಿಸಿ ಚುರುಕುಗೊಳಿಸುವ ಕಂಪೈಲರ್ ಇದೆ. ಹೊಸ ಆವೃತ್ತಿಯಲ್ಲಿ ಅದು ಕೆಲವು ಸುತ್ತುಗಳನ್ನು ತಪ್ಪಾಗಿ ತಿದ್ದುತ್ತಿತ್ತು. ಪರಿಣಾಮವಾಗಿ ಲೂಸಿನ್ ಕೆಲವೊಮ್ಮೆ ನಿಂತುಹೋಗುತ್ತಿತ್ತು, ಕೆಲವೊಮ್ಮೆ ಅದರ ಸೂಚಿಯೇ ಕೆಡುತ್ತಿತ್ತು. ಪುಸ್ತಕದ ಕೊನೆಯಲ್ಲಿ ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ಪಟ್ಟಿ ಇರುತ್ತದಲ್ಲ, ಲೂಸಿನ್‌ನ ಸೂಚಿ ಅಂತಹುದು. ಆ ಪಟ್ಟಿ ಕೆಟ್ಟರೆ ಇರುವ ಪುಸ್ತಕವೂ ಇಲ್ಲದಂತಾಗುತ್ತದೆ. ಬಿಡುಗಡೆಗೆ ಐದು ದಿನ ಮೊದಲೇ ಈ ದೋಷ ಗೊತ್ತಾಗಿತ್ತು. ಆದರೆ ಗೊತ್ತುಮಾಡಿದ ದಿನಾಂಕದಂದು ಬಿಡುಗಡೆ ನಡೆದೇ ಹೋಯಿತು. ದೋಷ ಸರಿಯಾದದ್ದು ಅಕ್ಟೋಬರ್ ತಿಂಗಳ ಪರಿಷ್ಕರಣೆಯಲ್ಲಿ.

ಐದು ದಿನದಲ್ಲಿ ಇಂತಹ ದೋಷವನ್ನು ಸರಿಪಡಿಸಿ ಪರೀಕ್ಷಿಸುವುದು ಕಷ್ಟವೆಂದು ಒಪ್ಪೋಣ. ಆದರೆ ಬಿಡುಗಡೆಯನ್ನು ಮುಂದೂಡುವ ದಾರಿಯೂ ಇತ್ತು. ಗಡುವನ್ನು ಪಾಲಿಸುವುದು ಒಳ್ಳೆಯ ಗುಣ. ಅದರ ಬೆಲೆಯನ್ನು ತಿಳಿಯದ ಯಾರೋ ತೆರಬೇಕಾಗಿ ಬಂದಾಗ ಅದು ಇನ್ನೂ ಒಳ್ಳೆಯ ಗುಣವೇ ಎಂದು ಕೇಳಬೇಕಾಗುತ್ತದೆ.

ಇಲ್ಲಿ ಎರಡು ಬಗೆಯ ಕೆಡುಕುಗಳನ್ನು ಬೇರ್ಪಡಿಸಬೇಕು. ಪ್ರೋಗ್ರಾಂ ನಿಂತುಹೋದರೆ ನಷ್ಟವಾಗುತ್ತದೆ, ಆದರೆ ಏನೋ ಕೆಟ್ಟಿದೆ ಎಂಬುದಾದರೂ ತಿಳಿಯುತ್ತದೆ. ಓಡುತ್ತಲೇ ತಪ್ಪು ಉತ್ತರ ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ. ಬಸ್‌ಸ್ಟ್ಯಾಂಡಿನ ಗಡಿಯಾರ ನಿಂತಿದ್ದರೆ ಜನ ಪಕ್ಕದವರನ್ನು ಗಂಟೆ ಕೇಳುತ್ತಾರೆ. ಅದು ಹತ್ತು ನಿಮಿಷ ಹಿಂದೆ ಓಡುತ್ತಿದ್ದರೆ ಅದನ್ನೇ ನಂಬಿ ಬಸ್ ತಪ್ಪಿಸಿಕೊಳ್ಳುತ್ತಾರೆ.

ಉರ್ದು ಪುಸ್ತಕ, ಪತ್ರಿಕೆಗಳು ಕಂಪ್ಯೂಟರ್ ಬರುವ ಮುಂಚೆ ಕಾತಿಬರ ಕೈಬರಹದಲ್ಲಿ ಅಚ್ಚಾಗುತ್ತಿದ್ದವು. ನಿದ್ದೆಗಣ್ಣಿನ ಕಾತಿಬ ಮಾಡುವ ತಪ್ಪು ಓದುಗನಿಗೆ ಕೂಡಲೇ ಸಿಗುತ್ತದೆ. ಅಲ್ಲಿ ಒಂದು ಅರ್ಥವಿಲ್ಲದ ಪದ ಇರುತ್ತದೆ. ತಾನು ಬಹಳ ತಿಳಿದವನೆಂದು ಭಾವಿಸಿ ಲೇಖಕನ ವಾಕ್ಯವನ್ನು ತಿದ್ದುವ ಕಾತಿಬನ ತಪ್ಪು ಹಾಗಲ್ಲ. ಅವನು ಒಂದು ಸೊಗಸಾದ ವಾಕ್ಯವನ್ನೇ ಬರೆದಿರುತ್ತಾನೆ. ಅದು ಲೇಖಕನದಲ್ಲ ಎಂದು ಸಂಶಯ ಪಡಲು ಓದುಗನಿಗೆ ಕಾರಣವೇ ಇರುವುದಿಲ್ಲ. ಆಪ್ಟಿಮೈಸೇಶನ್ ದೋಷ ಈ ಎರಡನೆಯ ಕಾತಿಬನ ದೋಷ.

ಇಂತಹ ದೋಷಗಳು ಅಪರೂಪವೆಂಬ ನಂಬಿಕೆ ಬಹಳ ಕಾಲ ಇತ್ತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗೆರ್ ಮತ್ತು ಸಂಗಡಿಗರು ಸಿಸ್ಮಿತ್ ಎಂಬ ಸಾಧನವನ್ನು ಕಟ್ಟಿ ಅದನ್ನು ಪರೀಕ್ಷಿಸಿದರು. ಸಿಸ್ಮಿತ್ ಮನಬಂದಂತೆ, ಆದರೆ ನಿಯಮಬದ್ಧವಾದ ಪ್ರೋಗ್ರಾಂಗಳನ್ನು ತಾನೇ ಬರೆಯುತ್ತದೆ. ಒಂದೇ ಪ್ರೋಗ್ರಾಮನ್ನು ಹಲವು ಕಂಪೈಲರ್‌ಗಳಿಗೆ ಕೊಟ್ಟು ಬಂದ ಉತ್ತರಗಳನ್ನು ಹೋಲಿಸಲಾಯಿತು. ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ವಿಚಾರಿಸುವ ಕ್ರಮ ಇದು. ಹೇಳಿಕೆಗಳು ಹೊಂದದಿದ್ದರೆ ಯಾರೋ ಒಬ್ಬರು ತಪ್ಪು ಹೇಳುತ್ತಿದ್ದಾರೆ. ಮೂರು ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು ಅಲ್ಲಿಯವರೆಗೆ ಯಾರಿಗೂ ತಿಳಿದಿರದ 325ಕ್ಕೂ ಹೆಚ್ಚು ದೋಷಗಳು. 2011ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ಪ್ರಕಾರ, ಪರೀಕ್ಷೆಗೆ ಒಳಪಡಿಸಿದ ಪ್ರತಿಯೊಂದು ಕಂಪೈಲರ್ ಕೂಡ ಸರಿಯಾದ ಬರಹವನ್ನು ಒಮ್ಮೆಯಾದರೂ ಸದ್ದಿಲ್ಲದೆ ತಪ್ಪಾಗಿ ಅನುವಾದಿಸಿತ್ತು.

ಇಲ್ಲಿಯವರೆಗೆ ಹೇಳಿದ್ದು ಸ್ಪಷ್ಟವಾದ ತಪ್ಪು. ಅನುವಾದಕ ನಿಯಮ ಮೀರಿದ, ಆದ್ದರಿಂದ ತಪ್ಪು ಅವನದು. ಇದಕ್ಕಿಂತ ಜಟಿಲವಾದುದು ಅನುವಾದಕ ನಿಯಮದೊಳಗೇ ಇದ್ದು ಮಾತಿನ ಆಶಯವನ್ನು ಕೆಡಿಸುವ ಸಂದರ್ಭ.

ಉರ್ದುವಿನಲ್ಲಿ ಕಲ್ ಎಂಬ ಪದಕ್ಕೆ ನಿನ್ನೆ ಎಂಬ ಅರ್ಥವೂ ಇದೆ, ನಾಳೆ ಎಂಬ ಅರ್ಥವೂ ಇದೆ. ವಾಕ್ಯದ ಕ್ರಿಯಾಪದ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಒಂದು ಚೀಟಿಯಲ್ಲಿ ಕಲ್ ಎಂಬ ಪದ ಮಾತ್ರ ಇದ್ದು, ಅದನ್ನು ಕನ್ನಡಕ್ಕೆ ತರಬೇಕೆಂದರೆ ಏನು ಮಾಡುವುದು? ಪ್ರಾಮಾಣಿಕ ಅನುವಾದಕ ಬರೆದವರನ್ನು ಕೇಳುತ್ತಾನೆ. ಕೇಳಲು ಆಗದಿದ್ದರೆ ಇದು ಸಂದಿಗ್ಧವೆಂದು ಸೂಚಿಸುತ್ತಾನೆ. ತನಗೆ ಅನುಕೂಲವಾದ ಅರ್ಥವನ್ನು ಹಿಡಿದು, ಸಂದಿಗ್ಧವಾಗಿ ಬರೆದದ್ದು ನಿನ್ನದೇ ತಪ್ಪು ಎನ್ನುವವನೂ ಇರಬಹುದು. ಅವನ ಮಾತಿನಲ್ಲಿ ತರ್ಕವಿದೆ, ಆದರೂ ನಾವು ಮತ್ತೊಮ್ಮೆ ಅವನ ಬಳಿ ಹೋಗಲಾರೆವು.

ಸಿ ಭಾಷೆಯ ನಿಯಮಗಳಲ್ಲಿ ಕೆಲವು ಸಂದರ್ಭಗಳನ್ನು ಅನಿರ್ದಿಷ್ಟ ಎಂದು ಬಿಡಲಾಗಿದೆ. ಪ್ರೋಗ್ರಾಮರ್ ಅಲ್ಲಿ ಕಾಲಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ರೀತಿ ವರ್ತಿಸುತ್ತಿದ್ದುದೂ ಇದಕ್ಕೊಂದು ಕಾರಣ. ಅನೇಕ ಪ್ರೋಗ್ರಾಮರ್‌ಗಳು ಇದನ್ನು, ಯಂತ್ರಕ್ಕೆ ತೋಚಿದಂತೆ ಏನೋ ಒಂದು ನಡೆಯುತ್ತದೆ ಎಂದು ಅರ್ಥೈಸಿದರು. ಕಂಪೈಲರ್ ಕಟ್ಟುವವರು ಇದನ್ನು, ಹೀಗೆ ಎಂದೂ ನಡೆಯುವುದಿಲ್ಲ ಎಂದು ಭಾವಿಸಿಕೊಳ್ಳಲು ಸಿಕ್ಕಿದ ಅನುಮತಿಯಾಗಿ ಬಳಸಿದರು. ಈ ಎರಡು ಅರ್ಥಗಳ ನಡುವಿನ ಅಂತರ ಬಹಳ ದೊಡ್ಡದು.

2009ರಲ್ಲಿ ಲಿನಕ್ಸ್‌ನ ಒಂದು ಭಾಗದಲ್ಲಿ ಇದರ ಪರಿಣಾಮ ಕಂಡಿತು. ಅಲ್ಲಿನ ಪ್ರೋಗ್ರಾಂ ಮೊದಲು ಒಂದು ವಿಳಾಸವನ್ನು ಬಳಸುತ್ತಿತ್ತು. ಆ ವಿಳಾಸ ಖಾಲಿಯೇ ಎಂದು ಆಮೇಲೆ ಪರೀಕ್ಷಿಸುತ್ತಿತ್ತು. ಕ್ರಮ ತಿರುಗುಮುರುಗಾಗಿತ್ತು, ಅದು ಬರೆದವರ ತಪ್ಪು. ಜಿಸಿಸಿ ಕಂಪೈಲರ್ ಹೀಗೆ ತರ್ಕಿಸಿತು: ಖಾಲಿ ವಿಳಾಸವನ್ನು ಬಳಸುವುದು ನಿಯಮಬಾಹಿರ, ಇಲ್ಲಿ ಅದನ್ನು ಬಳಸಿಯಾಗಿದೆ, ಆದ್ದರಿಂದ ಅದು ಖಾಲಿ ಇರಲಾರದು, ಆದ್ದರಿಂದ ಈ ಪರೀಕ್ಷೆ ಅನಗತ್ಯ. ಪರೀಕ್ಷೆಯ ಸಾಲು ಅನುವಾದದಲ್ಲಿ ಮಾಯವಾಯಿತು. ಆ ಸಾಲು ಇದ್ದಿದ್ದರೆ ಅಲ್ಲಿಗೇ ನಿಲ್ಲಬಹುದಾಗಿದ್ದ ತಪ್ಪು ಈಗ ಕಳ್ಳನಿಗೆ ಬಾಗಿಲಾಯಿತು. ಇಡೀ ಕಂಪ್ಯೂಟರನ್ನೇ ವಶಪಡಿಸಿಕೊಳ್ಳಲು ಅದನ್ನು ಬಳಸಬಹುದೆಂದು ಭದ್ರತಾ ಪರಿಣತರು ತೋರಿಸಿಕೊಟ್ಟರು. ಇಂತಹ ಪರೀಕ್ಷೆಗಳನ್ನು ಅಳಿಸಬೇಡ ಎಂದು ಕಂಪೈಲರಿಗೆ ಪ್ರತ್ಯೇಕವಾಗಿ ಆಜ್ಞಾಪಿಸುವ ಪದ್ಧತಿ ಆನಂತರ ಲಿನಕ್ಸ್‌ನಲ್ಲಿ ಬಂತು.

ಮುಂದಿನ ವರ್ಷ ರೆಗೆರ್ ತೋರಿಸಿದ ಒಂದು ಉದಾಹರಣೆ ನಗು ತರಿಸುವಂತಹುದು. ಎರಡು ಧನ ಪೂರ್ಣಾಂಕಗಳ ಘನಗಳನ್ನು ಕೂಡಿಸಿದರೆ ಮತ್ತೊಂದು ಪೂರ್ಣಾಂಕದ ಘನ ಬರಲಾರದು ಎಂಬುದು ಫರ್ಮಾನ ಪ್ರಸಿದ್ಧ ಪ್ರಮೇಯದ ಒಂದು ಭಾಗ. ಅದಕ್ಕೆ ಅಪವಾದವನ್ನು ಹುಡುಕುತ್ತಲೇ ಇರುವ, ಸಿಕ್ಕರೆ ಮಾತ್ರ ನಿಲ್ಲುವ ಒಂದು ಪ್ರೋಗ್ರಾಮನ್ನು ಅವರು ಬರೆದರು. ಅಪವಾದ ಇಲ್ಲವಾದ್ದರಿಂದ ಅದು ಎಂದೆಂದೂ ಓಡುತ್ತಲೇ ಇರಬೇಕು. ಆದರೆ ಕೆಲವು ಕಂಪೈಲರ್‌ಗಳು, ಹೊರಗೆ ಏನನ್ನೂ ಮಾಡದ ಸುತ್ತು ಎಂದಾದರೊಮ್ಮೆ ಮುಗಿಯಲೇಬೇಕು ಎಂದು ಭಾವಿಸಿ, ಹುಡುಕಾಟವನ್ನೇ ಕಿತ್ತುಹಾಕಿ, ಫರ್ಮಾನ ಪ್ರಮೇಯ ಸುಳ್ಳೆಂದು ತೀರ್ಪು ಕೊಟ್ಟವು! ಹಾಗಾದರೆ ಆ ಸಂಖ್ಯೆಗಳನ್ನು ತೋರಿಸು ಎಂದು ಒಂದು ಸಾಲು ಸೇರಿಸಿದ ಕೂಡಲೇ ಆ ಧೈರ್ಯ ಇಳಿದುಹೋಗಿ, ಮತ್ತೆ ಕೊನೆಯಿಲ್ಲದ ಸುತ್ತನ್ನೇ ಬರೆದವು. ಪುರಾವೆ ಕೇಳುವವರಿಲ್ಲದ ಕಡೆ ತೀರ್ಪು ಕೊಡುವುದು ಸುಲಭ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಉದಾಹರಣೆ. ನಾವು ಕೊಟ್ಟ ಗುಪ್ತಪದವನ್ನು ಪ್ರೋಗ್ರಾಂ ತನ್ನ ನೆನಪಿನಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಎಚ್ಚರವುಳ್ಳ ಪ್ರೋಗ್ರಾಮರ್ ಆ ಜಾಗವನ್ನು ಸೊನ್ನೆಗಳಿಂದ ತುಂಬಿ ಅಳಿಸುತ್ತಾನೆ, ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು. ಕಂಪೈಲರ್ ನೋಡುತ್ತದೆ: ಈ ಸೊನ್ನೆಗಳನ್ನು ಆಮೇಲೆ ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುವುದು ವ್ಯರ್ಥ. ಅಳಿಸುವ ಸಾಲನ್ನು ಅದು ಅಳಿಸುತ್ತದೆ. ಗುಪ್ತಪದ ಅಲ್ಲಿಯೇ ಉಳಿಯುತ್ತದೆ. ಭಾಷೆಯ ನಿಯಮದ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಯಾರೂ ನೋಡದಂತಾಗಬೇಕು ಎಂಬುದೇ ಆ ಕೆಲಸದ ಉದ್ದೇಶವಾಗಿತ್ತು. ಕಾಣದ ಕೆಲಸಕ್ಕೆ ಬೆಲೆಯಿಲ್ಲ ಎಂಬ ಲೆಕ್ಕಾಚಾರ ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ ನಮಗೆ ಅಪರಿಚಿತವೇನಲ್ಲ. ಅಡುಗೆಮನೆಯನ್ನು ರಾತ್ರಿ ಒರೆಸಿಡುವವಳ ಕೆಲಸ ಯಾರ ಲೆಕ್ಕಕ್ಕೂ ಸಿಗುವುದಿಲ್ಲ, ಅವಳು ಒರೆಸದ ದಿನ ಮಾತ್ರ ಅದು ಕಾಣುತ್ತದೆ. ಕೊನೆಗೆ, ಇದನ್ನು ಖಂಡಿತ ಅಳಿಸಬಾರದು ಎಂದು ಹೇಳುವ ಪ್ರತ್ಯೇಕ ಆಜ್ಞೆಗಳನ್ನೇ ರೂಪಿಸಬೇಕಾಯಿತು. 2014ರಲ್ಲಿ ಓಪನ್‌ಬಿಎಸ್‌ಡಿ ಅಂತಹದೊಂದನ್ನು ತಂದಿತು. ಸಿ ಭಾಷೆಯ ಸಿ23 ಎಂಬ ಆವೃತ್ತಿಯಲ್ಲಿಯೂ ಈಗ ಅಂತಹ ಆಜ್ಞೆ ಇದೆ.

ಕಂಪೈಲರ್ ಕಟ್ಟುವವರ ವಾದವನ್ನೂ ನ್ಯಾಯವಾಗಿ ಕೇಳಬೇಕು. ನಮ್ಮ ಯಂತ್ರಕ್ಕೆ ಬರೆದವನ ಮನಸ್ಸು ಓದಲು ಬರುವುದಿಲ್ಲ, ಅದರ ಮುಂದೆ ಇರುವುದು ಬರಹ ಮತ್ತು ನಿಯಮ ಮಾತ್ರ ಎನ್ನುತ್ತಾರೆ ಅವರು. ಪ್ರತಿಯೊಬ್ಬರ ಮನಸ್ಸಿನ ಆಶಯಕ್ಕೆ ತಕ್ಕಂತೆ ಅನುವಾದಿಸಲು ಹೊರಟರೆ ನಿಯಮವೇ ಉಳಿಯದು. ವೇಗ ಎಂಬುದು ಕೇವಲ ಶೋಕಿಯೂ ಅಲ್ಲ. ಅದರಿಂದ ಮೊಬೈಲಿನ ಬ್ಯಾಟರಿ ಉಳಿಯುತ್ತದೆ, ವಿದ್ಯುತ್ ಉಳಿಯುತ್ತದೆ, ಅಗ್ಗದ ಯಂತ್ರದಲ್ಲಿಯೂ ಬಡವನ ಕೆಲಸ ನಡೆಯುತ್ತದೆ. ಈ ವಾದದಲ್ಲಿ ಹುರುಳಿದೆ.

ಇಲ್ಲಿ ನಮ್ಮ ಭಾಷೆಯೇ ಒಂದು ದಾರಿ ತೋರಿಸುತ್ತದೆ. ಉರ್ದುವಿನ ನೀಯತ್ ಎಂದರೆ ಸಂಕಲ್ಪ, ಮನಸ್ಸಿನ ಆಶಯ. ಅದೇ ಪದ ಕನ್ನಡಕ್ಕೆ ಬಂದು ನಿಯತ್ತು ಆದಾಗ ಪ್ರಾಮಾಣಿಕತೆ, ನಂಬಿದವರಿಗೆ ದ್ರೋಹ ಮಾಡದಿರುವುದು ಎಂಬ ಅರ್ಥ ಪಡೆಯಿತು. ಕಂಪೈಲರಿಗೆ ನೀಯತ್ ಇಲ್ಲ, ಬರೆದವನ ನೀಯತ್ತನ್ನು ತಿಳಿಯುವ ಶಕ್ತಿಯೂ ಅದಕ್ಕಿಲ್ಲ. ಆದರೆ ಅದನ್ನು ಕಟ್ಟುವ ಮನುಷ್ಯರಿಂದ ನಿಯತ್ತನ್ನು ನಿರೀಕ್ಷಿಸುವ ಹಕ್ಕು ನಮಗಿದೆ. ಸಾವಿರಾರು ಜನ ಒಂದೇ ಕಡೆ ಎಡವುತ್ತಿದ್ದಾರೆ ಎಂದು ತಿಳಿದ ಮೇಲೂ, ನಿಯಮ ಪುಸ್ತಕದಲ್ಲಿ ಹೀಗೆಯೇ ಇದೆ ಎಂದು ಸುಮ್ಮನಿರುವುದು ಕಾನೂನಿಗೆ ಸರಿ ಇರಬಹುದು. ನಿಯತ್ತು ಅದಕ್ಕಿಂತ ಹೆಚ್ಚನ್ನು ಕೇಳುತ್ತದೆ. ಈ ಸಾಲನ್ನು ನಾನು ತೆಗೆದುಹಾಕುತ್ತಿದ್ದೇನೆ, ಇದು ನಿನಗೆ ಬೇಕಿತ್ತೇ ಎಂದು ಕೇಳುವುದನ್ನಾದರೂ ಕೇಳುತ್ತದೆ. ಇಂದಿನ ಕಂಪೈಲರ್‌ಗಳು ಕೆಲವು ಕಡೆ ಹೀಗೆ ಎಚ್ಚರಿಸುತ್ತವೆ, ಅನಿರ್ದಿಷ್ಟ ಜಾಗಗಳಲ್ಲಿ ಕಾಲಿಟ್ಟರೆ ಪರೀಕ್ಷೆಯ ವೇಳೆ ಕೂಗಿ ಹೇಳುವ ಸಾಧನಗಳೂ ಬಂದಿವೆ. ಇದು ಒಳ್ಳೆಯ ಬೆಳವಣಿಗೆ, ಆದರೆ ಎಲ್ಲ ಕಡೆಯೂ ಇನ್ನೂ ಈ ಎಚ್ಚರಿಕೆ ಸಿಗುತ್ತಿಲ್ಲ.

ಹೊಣೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಪ್ರೋಗ್ರಾಂ ಕೆಟ್ಟಾಗ ತಪ್ಪು ಕಂಪೈಲರಿನದಲ್ಲ, ನಿನ್ನದೇ ಎಂದು ಹೊಸಬರಿಗೆ ಹಿರಿಯರು ಹೇಳುತ್ತಾರೆ. ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸಲ ಅದು ನಿಜವಿರಬಹುದು. ಆದರೆ ಬಹುಮಟ್ಟಿಗೆ ನಿಜವಾದ ಮಾತು ಎಂದೂ ಸುಳ್ಳಾಗದ ಮಾತಾಗಿ ಬದಲಾದರೆ ಅನ್ಯಾಯ ಶುರುವಾಗುತ್ತದೆ. ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣ ಇದಕ್ಕೆ ಸಾಕ್ಷಿ. ಅಲ್ಲಿದ್ದುದು ಕಂಪೈಲರ್ ದೋಷವಲ್ಲ, ಹೊರೈಜನ್ ಎಂಬ ಲೆಕ್ಕಪತ್ರ ಸಾಫ್ಟ್‌ವೇರಿನ ದೋಷಗಳು. ಆದರೆ ನಂಬಿಕೆಯ ರೋಗ ಒಂದೇ. 1999ರಿಂದ ಹಳ್ಳಿ, ಪಟ್ಟಣಗಳ ಅಂಚೆ ಕಚೇರಿಗಳಿಗೆ ಈ ವ್ಯವಸ್ಥೆ ಬಂತು. ಕಂಪ್ಯೂಟರ್ ಹಣ ಕಡಿಮೆಯಿದೆ ಎಂದಿತು. ನಾವು ಮುಟ್ಟಿಲ್ಲ ಎಂದು ಅಂಚೆ ಕಚೇರಿ ನಡೆಸುವವರು ಅಂಗಲಾಚಿದರು. ಯಂತ್ರ ಸರಿಯಾಗಿದೆ ಎಂದು ನ್ಯಾಯಾಲಯಗಳು ಭಾವಿಸಿದವು, ಅದು ಸರಿಯಿಲ್ಲ ಎಂದು ತೋರಿಸುವ ಭಾರ ಯಂತ್ರದ ಒಳಗನ್ನು ಎಂದೂ ಕಾಣದವರ ಮೇಲೆ ಬಿತ್ತು. 900ಕ್ಕೂ ಹೆಚ್ಚು ಮಂದಿ ಕಳ್ಳತನ, ವಂಚನೆ ಮುಂತಾದ ಅಪರಾಧಗಳಿಗೆ ಶಿಕ್ಷೆಗೊಳಗಾದರು, ಕೆಲವರು ಜೈಲು ಕಂಡರು. 2019ರಲ್ಲಿ ಹೈಕೋರ್ಟ್ ದೋಷಗಳನ್ನು ಗುರುತಿಸಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ಅಷ್ಟರಲ್ಲಿ ಅನೇಕರ ಮನೆ, ಮರ್ಯಾದೆ ಹೋಗಿತ್ತು, ಕೆಲವರು ತೀರಿಕೊಂಡಿದ್ದರು.

ಹಾಗಾದರೆ ಯಾವುದನ್ನೂ ನಂಬಬಾರದೇ? ಯೂನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಈ ಸಂಶಯವನ್ನು ಕೊನೆಯವರೆಗೆ ಕೊಂಡೊಯ್ದರು. ಮೂಲ ಬರಹದಲ್ಲಿ ಯಾವ ಕುರುಹೂ ಇಲ್ಲದಂತೆ, ಕಂಪೈಲರಿನೊಳಗೇ ಅಡಗಿ ಕಳ್ಳಬಾಗಿಲನ್ನು ಸೇರಿಸುವ, ಹೊಸ ಕಂಪೈಲರಿಗೂ ತನ್ನನ್ನು ದಾಟಿಸಿಕೊಳ್ಳುವ ಮೋಸ ಸಾಧ್ಯವೆಂದು ಅವರು ತೋರಿಸಿದರು. ಕೊನೆಗೆ ನಂಬಬೇಕಾಗಿರುವುದು ಬರಹವನ್ನಲ್ಲ, ಬರೆದ ಮನುಷ್ಯರನ್ನು ಎಂಬ ಕಡೆಗೆ ಅವರ ಮಾತು ಹೊರಳುತ್ತದೆ.

ನಂಬಿಕೆಯನ್ನು ಗಳಿಸುವ ಇನ್ನೊಂದು ಪ್ರಯತ್ನವೂ ನಡೆದಿದೆ. ಫ್ರಾನ್ಸಿನ ಝೇವಿಯೆ ಲೆರೋಯ್ ಮತ್ತು ಸಂಗಡಿಗರು ಕಾಂಪ್‌ಸರ್ಟ್ ಎಂಬ ಕಂಪೈಲರನ್ನು ಕಟ್ಟಿದರು. ಅದು ಮಾಡುವ ಅನುವಾದ ಮೂಲದ ಅರ್ಥವನ್ನು ಕೆಡಿಸುವುದಿಲ್ಲ ಎಂಬುದಕ್ಕೆ ಗಣಿತದ ಸಾಧನೆಯನ್ನು ಕೊಟ್ಟು, ಆ ಸಾಧನೆಯನ್ನು ಇನ್ನೊಂದು ಪ್ರೋಗ್ರಾಮಿನಿಂದ ಹೆಜ್ಜೆ ಹೆಜ್ಜೆಗೂ ಪರಿಶೀಲಿಸಿದ್ದಾರೆ. ಸಿಸ್ಮಿತ್ ತಂಡ ಒಂದೇ ಯಂತ್ರ ಮಾಡಿದರೆ ಆರು ವರ್ಷ ಹಿಡಿಯುವಷ್ಟು ಪರೀಕ್ಷೆಯನ್ನು ಇದರ ಮೇಲೆ ನಡೆಸಿತು. ಸಾಧನೆಗೆ ಒಳಪಟ್ಟ ಅದರ ನಡುಭಾಗದಲ್ಲಿ ತಪ್ಪು ಅನುವಾದ ಸಿಗಲಿಲ್ಲ. ಸಾಧನೆಗೆ ಒಳಪಡದ ಅಂಚುಗಳಲ್ಲಿ ಮಾತ್ರ ಕೆಲವು ತಪ್ಪುಗಳು ಸಿಕ್ಕವು. ವೇಗದಲ್ಲಿ ಅದು ಇತರ ಕಂಪೈಲರ್‌ಗಳಿಗಿಂತ ಸ್ವಲ್ಪ ಹಿಂದೆ. ತಾನು ಸರಿಯೆಂದು ತೋರಿಸಬಲ್ಲಷ್ಟನ್ನು ಮಾತ್ರ ತಿದ್ದುತ್ತೇನೆ ಎಂಬ ಸಂಯಮಕ್ಕೆ ಅದು ತೆತ್ತ ಬೆಲೆ ಅದು.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಸಾರ ಈ ಸಂಯಮದಲ್ಲಿದೆ. ಇನ್ನೊಬ್ಬರ ಮಾತನ್ನು ಹೊತ್ತು ಸಾಗಿಸುವವನಿಗೆ ತಿದ್ದುವ ಹಕ್ಕು ಇರಬಹುದು. ಆದರೆ ತಾನು ಉತ್ತರ ಹೇಳಬಲ್ಲಷ್ಟಕ್ಕೆ ಮಾತ್ರ. ಸಂದೇಹ ಬಂದ ಕಡೆ ಅವನು ಬಾಯಿ ತೆರೆಯಬೇಕು. ಬುದ್ಧಿವಂತಿಕೆಯ ತಪ್ಪನ್ನು ಕ್ಷಮಿಸಬಹುದು, ಮೌನವನ್ನು ಕ್ಷಮಿಸುವುದು ಕಷ್ಟ. ನಂಬಿದವರ ಕಡೆಯಿಂದ ಬೇಕಾದುದು ಕೆಳಗಿನವನನ್ನು ಮೊದಲು ದೂರುವ ಅಭ್ಯಾಸವನ್ನು ಬಿಟ್ಟು ವಿಚಾರಣೆ ಮಾಡುವ ತಾಳ್ಮೆ.

ಈ ಮಾತು ಇಂದು ಇನ್ನಷ್ಟು ಮುಖ್ಯ. ಈಗ ಜನ ಸಾಮಾನ್ಯ ಭಾಷೆಯಲ್ಲಿಯೇ ತಮಗೆ ಬೇಕಾದುದನ್ನು ಹೇಳುತ್ತಾರೆ, ಕೃತಕ ಬುದ್ಧಿಮತ್ತೆ ಅದನ್ನು ಪ್ರೋಗ್ರಾಂ ಆಗಿ ಬರೆಯುತ್ತದೆ, ಕಂಪೈಲರ್ ಅದನ್ನು ಯಂತ್ರಕ್ಕೆ ಮುಟ್ಟಿಸುತ್ತದೆ. ಒಬ್ಬ ಅನುವಾದಕನಿದ್ದ ಜಾಗದಲ್ಲಿ ಇಬ್ಬರಾದರು. ಸಾಮಾನ್ಯ ಭಾಷೆಯಲ್ಲಿ ಕಲ್‌ನಂತಹ ಪದಗಳಿಗೆ ಲೆಕ್ಕವಿಲ್ಲ. ನಿನ್ನೆಯೋ ನಾಳೆಯೋ ಎಂದು ತಿರುಗಿ ಕೇಳುವ ಅನುವಾದಕ ನಮಗೆ ನಿಧಾನಿಯಂತೆ ಕಂಡಾನು. ಅವನ ಆ ನಿಧಾನಕ್ಕೆ ಸಮಯ ಕೊಡಲು ನಾವು ಸಿದ್ಧರಿದ್ದೇವೆಯೇ ಎಂಬುದನ್ನು ಪ್ರೋಗ್ರಾಂ ಬರೆಯುವವರು ಮಾತ್ರವಲ್ಲ, ಅದನ್ನು ನಂಬಿ ಬದುಕುವ ನಾವೆಲ್ಲರೂ ಯೋಚಿಸಬೇಕಾಗಿದೆ.